ಚಾಳೀಸು ತಲುಪಿಸಿದ ಕೈಗಳಿಗೆ ಶರಣು

ಕೊಪ್ಪಳದ ಸುತ್ತಲಿನ ಹಳ್ಳಿಗಳಲ್ಲಿ ನಡೆಯುತ್ತಿದ್ದ ಉಚಿತ ಕನ್ನಡಕದ ಕೆಲಸ ಈ ವಾರ ಒಂದು ಹಂತ ಮುಟ್ಟಿದೆ. ಹಣ ಕೊಟ್ಟ ದಾನಿಗಳಿಗೆ ಮೊದಲ ಶರಣು. ಆದರೆ ಕನ್ನಡಕ ಕೊಳ್ಳುವುದು ಇದರಲ್ಲಿ ಸುಲಭದ ಭಾಗ. ಸರಿಯಾದ ನಂಬರು ಸರಿಯಾದ ಮೂಗಿನ ಮೇಲೆ ಕೂರಬೇಕಲ್ಲ, ಅದಕ್ಕೆ ದುಡಿದವರ ಋಣ ದೊಡ್ಡದು.

ನೇತ್ರಾಧಿಕಾರಿಗಳು ಪ್ರತಿ ಊರಲ್ಲೂ ಟೇಪು ಹಿಡಿದು 6 ಮೀಟರ್ ಅಳೆದೇ ಫಲಕ ತೂಗುಹಾಕಿದರು. ಓದು ಬಾರದವರಿಗೆ ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷಿನ 'E' ಅಕ್ಷರದ ಫಲಕ. ಅಕ್ಷರದ ಬಾಯಿ ಯಾವ ಕಡೆ ಅಂತ ಕೈ ತೋರಿಸಿದರೆ ಸಾಕು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಬೇಕು. ಬೆರಳಿನಿಂದ ಮುಚ್ಚಿದರೆ ಸಂದಿಯಲ್ಲಿ ನೋಡಿಬಿಡುತ್ತಾರೆ, ಒತ್ತಿ ಹಿಡಿದರೆ ಆ ಕಣ್ಣೇ ಸ್ವಲ್ಪ ಹೊತ್ತು ಮಬ್ಬಾಗುತ್ತದೆ. ಫಲಕ ಕಾಣದವರಿಗೆ ಸುಮಾರು 1.2 ಮಿ.ಮೀ. ತೂತಿರುವ ಕಪ್ಪು ತಟ್ಟೆ ಹಿಡಿದು ಮತ್ತೆ ತೋರಿಸಿದರು. ತೂತಿನಲ್ಲಿ ಚೆನ್ನಾಗಿ ಕಂಡರೆ ಕನ್ನಡಕದಿಂದ ಗುಣವಿದೆ. ಆಗಲೂ ಕಾಣದಿದ್ದರೆ ಪೊರೆಯೋ ಕಣ್ಣಿನ ಒಳಪರದೆಯ ತೊಂದರೆಯೋ ಇರಬಹುದು. ಅಂಥವರ ಚೀಟಿ ನೇರ ಆಸ್ಪತ್ರೆಗೆ ಹೋಯಿತು. ಮಕ್ಕಳಿಗೆ ಮತ್ತು ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಅಲ್ಲೇ ನಂಬರು ಬರೆದುಕೊಡದೆ ತಡೆದದ್ದೂ ಇವರೇ. ಮಕ್ಕಳಿಗೆ ಔಷಧದ ಹನಿ ಹಾಕಿ ನೋಡದಿದ್ದರೆ ನಂಬರು ತಪ್ಪಬಹುದು, ಸಕ್ಕರೆ ಏರಿಳಿದರೆ ನಂಬರೂ ಏರಿಳಿಯುತ್ತದೆ.

ಹತ್ತಿರದ ನೋಟದ ಕನ್ನಡಕದಲ್ಲಿ ಎಡವುವುದು ಹೆಚ್ಚು. ಚಾಳೀಸು ಎಂಬ ಹೆಸರೇ ನಲವತ್ತರಿಂದ ಬಂದದ್ದು. ಸಾಮಾನ್ಯವಾಗಿ 40ರ ಹೊತ್ತಿಗೆ +1.00, 50ಕ್ಕೆ +2.00, 60ಕ್ಕೆ +2.50. ಆದರೆ ವಯಸ್ಸು ಕೇಳಿ ಕೊಟ್ಟರೆ ಸಾಲದು, ಕಸುಬು ಕೇಳಬೇಕು. 100ನ್ನು ನಂಬರಿನಿಂದ ಭಾಗಿಸಿ: ವಯಸ್ಸಾದ ಕಣ್ಣಿಗೆ +2.00 ಹಾಕಿದರೆ 50 ಸೆಂ.ಮೀ. ದೂರದಲ್ಲಿ ಸ್ಪಷ್ಟ, +3.00 ಹಾಕಿದರೆ 33ರಲ್ಲಿ. ಭಾಗ್ಯನಗರದಲ್ಲಿ ಕೂದಲು ಬಿಡಿಸುವವರಿಗೆ, ಕಿನ್ನಾಳದ ಗೊಂಬೆಗೆ ಕಣ್ಣು ಬರೆಯುವವರಿಗೆ ಕೆಲಸ ಮುಖದ ಹತ್ತಿರ. ಮಗ್ಗದವರಿಗೆ ಎಳೆ ಮೊಳದಾಚೆ. ಇಬ್ಬರಿಗೂ ಒಂದೇ ನಂಬರು ಕೊಟ್ಟರೆ ಮಗ್ಗದವರು ಬಗ್ಗಿ ಬಗ್ಗಿ ಕುತ್ತಿಗೆ ನೋಯಿಸಿಕೊಂಡು ವಾರದಲ್ಲೇ ಕನ್ನಡಕ ಗೂಡಿನಲ್ಲಿಡುತ್ತಾರೆ. +2.00 ಮುಗಿದಾಗ ಇದ್ದ +2.50 ಹಂಚದೆ, ಮರುದಿನ ಸರಕು ತರಿಸಿಕೊಟ್ಟ ಕನ್ನಡಕದ ಅಂಗಡಿಯವರಿಗೆ ಕೈ ಮುಗಿಯುತ್ತೇವೆ.

ತಪಾಸಣೆಗೆ ಅರ್ಧ ದಿನ ಬಿಟ್ಟು ಕೂಲಿ ಕಡಿಯದ ಮಾಲೀಕರಿಗೂ ವಂದನೆ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕೆಲಸಗಾರರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ಕನ್ನಡಕ ಸಿಕ್ಕವರ ಎಲೆ ಕೀಳುವ ಕೆಲಸ ಸಿಗದವರಿಗಿಂತ ಶೇ. 21.7ರಷ್ಟು ಹೆಚ್ಚು ಏರಿತ್ತು. ಉಳಿದ ಮಾಲೀಕರು ಇದನ್ನು ಗಮನಿಸಬೇಕು.

ಮನೆಯ ಹಳೇ ಕನ್ನಡಕ ತಂದುಕೊಟ್ಟವರ ಮನಸ್ಸು ದೊಡ್ಡದು. ಅವನ್ನು ಹಂಚಲಿಲ್ಲ, ಬೇಸರ ಬೇಡ. ಎರಡು ಕಣ್ಣಿನ ನಂಬರು, ಕಣ್ಣಿನ ವಕ್ರತೆ ಸರಿಪಡಿಸುವ ಸಿಲಿಂಡರ್ ನಂಬರಿನ ಕೋನ, ಎರಡು ಪಾಪೆಗಳ ಅಂತರ ಎಲ್ಲವೂ ಇನ್ನೊಬ್ಬರಿಗೆ ಹೊಂದುವುದು ಅಪರೂಪ. ಮುಂದಿನ ಸಲ ಖಾಲಿ ಫ್ರೇಮು ಗಟ್ಟಿಯಿದ್ದರೆ ಕೊಡಿ.

ಆಶಾ ಕಾರ್ಯಕರ್ತೆಯರಿಲ್ಲದಿದ್ದರೆ ಆರ್ಡರು ಕೊಟ್ಟು ಮಾಡಿಸಿದ ಕನ್ನಡಕಗಳು ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದವು. ಒಂದೇ ಊರಲ್ಲಿ ಐದಾರು ಹುಲಿಗೆಮ್ಮ, ಅಷ್ಟೇ ಗವಿಸಿದ್ದಪ್ಪ. ಲಕೋಟೆಯ ಮೇಲೆ ಹೆಸರಿನ ಜೊತೆ ಮನೆತನ, ಓಣಿ, ಫೋನು ಬರೆಸಿದ್ದು ಅವರ ಸಲಹೆ. ಕೊಡುವಾಗ ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ ಕೂರಿಸಿದರು, ಸೂಜಿಗೆ ದಾರ ಪೋಣಿಸಿ ತೋರಿಸಲು ಹೇಳಿದರು, ಗಾಜನ್ನು ಒಣ ಸೆರಗಿನಲ್ಲಿ ಒರೆಸದೆ ಮೊದಲು ನೀರಲ್ಲಿ ತೊಳೆಯಬೇಕೆಂದು ಕಲಿಸಿದರು. ಧೂಳಿನ ಸಮೇತ ತಿಕ್ಕಿದರೆ ಪ್ಲಾಸ್ಟಿಕ್ ಗಾಜಿಗೆ ಗೀರು ಬೀಳುತ್ತದೆ.

ಗುಳೆ ಹೋದವರ ಲಕೋಟೆಗಳು ಆಯಾ ಪಂಚಾಯಿತಿಯ ಗ್ರಂಥಾಲಯದಲ್ಲಿವೆ, ಕಾಯ್ದಿಡಲು ಒಪ್ಪಿದ ಗ್ರಂಥಪಾಲಕರಿಗೆ ನಮಸ್ಕಾರ. ಯುಗಾದಿಗೆ ಊರಿಗೆ ಬಂದಾಗ ಚೀಟಿ ತಂದು ಒಯ್ಯಿರಿ. ಚೀಟಿ ಕಳೆದಿದ್ದರೂ ಬನ್ನಿ, ಹೆಸರು ಮತ್ತು ಓಣಿ ಹೇಳಿದರೆ ಹುಡುಕಿ ಕೊಡುತ್ತಾರೆ.