ಊರಿನ ಚರಿತ್ರೆಯಲ್ಲಿ ಭೂಮಿಯ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಊರುಗಳ ಚರಿತ್ರೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಲೇಖನಗಳನ್ನು ತಪ್ಪದೆ ಓದುತ್ತಿದ್ದೇನೆ. ದೇವಾಲಯದ ಶಿಲ್ಪ, ಅದನ್ನು ಕಟ್ಟಿಸಿದ ದಂಡನಾಯಕ, ಸ್ಥಳಪುರಾಣ ಎಲ್ಲವೂ ಅವುಗಳಲ್ಲಿ ಇರುತ್ತವೆ. ಊರಿನ ಭೂಮಿ ಯಾರ ಕೈಯಲ್ಲಿತ್ತು, ಉತ್ತವರು ಯಾರಿಗೆ ಏನು ತೆರುತ್ತಿದ್ದರು ಎಂಬುದು ಮಾತ್ರ ಇರುವುದಿಲ್ಲ. ಇದು ಸಣ್ಣ ಕೊರತೆಯಲ್ಲ ಎಂಬುದನ್ನು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಪಟ್ಟಣದ ಚರಿತ್ರೆ ಚೆನ್ನಾಗಿ ತೋರಿಸುತ್ತದೆ.

ಲಂಡನ್ನಿನ ಉತ್ತರಕ್ಕಿರುವ ಆ ಪಟ್ಟಣಕ್ಕೆ ಮಧ್ಯಯುಗದಲ್ಲಿ ಅಲ್ಲಿನ ಬೆನೆಡಿಕ್ಟೀನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠದ ಅಧಿಪತಿಯೇ ಒಡೆಯ. ರಾಜ ವಿಲಿಯಂ 1086ರಲ್ಲಿ ಮಾಡಿಸಿದ ಭೂದಾಖಲೆಯಲ್ಲೂ ಪಟ್ಟಣ ಮಠದ ಸ್ವತ್ತೆಂದೇ ಇದೆ. ಜನ ಧಾನ್ಯವನ್ನು ಮಠದ ಗಿರಣಿಗೇ ಒಯ್ದು, ಬೀಸಿದ್ದಕ್ಕೆ ಪಾಲು ಕೊಡಬೇಕಿತ್ತು. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಳ್ಳುವಂತಿರಲಿಲ್ಲ. ಖಗೋಳ ಗಡಿಯಾರ ರೂಪಿಸಿದ ಮಹಾಗಣಿತಜ್ಞನೆಂದು ಹೆಸರಾದ ಮಠಾಧಿಪತಿ, ವಾಲಿಂಗ್‌ಫರ್ಡ್‌ನ ರಿಚರ್ಡ್, 1330ರ ದಶಕದಲ್ಲಿ ಜನರ ಬೀಸುವ ಕಲ್ಲುಗಳನ್ನು ಕಸಿದು ತರಿಸಿ ಮಠದ ಕೋಣೆಯೊಂದಕ್ಕೆ ನೆಲಹಾಸು ಮಾಡಿಸಿದ. ಅರ್ಧ ಶತಮಾನ ಕಳೆದರೂ ಜನ ಅದನ್ನು ಮರೆಯಲಿಲ್ಲ. 1381ರ ರೈತದಂಗೆಯಲ್ಲಿ, ವಿಲಿಯಂ ಗ್ರಿಂಡ್‌ಕಾಬ್ ಎಂಬಾತನ ಮುಂದಾಳುತನದಲ್ಲಿ ಮಠಕ್ಕೆ ನುಗ್ಗಿ, ಆ ಕಲ್ಲುಗಳನ್ನು ಅಗೆದು ಒಡೆದು, ಚರ್ಚಿನಲ್ಲಿ ಪ್ರಸಾದದ ರೊಟ್ಟಿ ಹಂಚುವಂತೆ ಚೂರುಗಳನ್ನು ಹಂಚಿಕೊಂಡರು. ಮಠದಿಂದ ಹಕ್ಕುಪತ್ರವನ್ನೂ ಬರೆಸಿಕೊಂಡರು. ಜುಲೈ ತಿಂಗಳಲ್ಲಿ ಗ್ರಿಂಡ್‌ಕಾಬ್‌ನನ್ನು ಗಲ್ಲಿಗೇರಿಸಲಾಯಿತು, ಹಕ್ಕುಪತ್ರ ರದ್ದಾಯಿತು. 1539ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮಠವೇ ಮುಚ್ಚಿಹೋಯಿತು. 1553ರಲ್ಲಿ ಅದರ ಚರ್ಚನ್ನು ಪಟ್ಟಣದವರೇ 400 ಪೌಂಡ್ ಕೊಟ್ಟು ಕೊಂಡರು.

ದಂಗೆಯ ಈ ವಿವರಗಳನ್ನು ಬರೆದಿಟ್ಟವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗ್‌ಹ್ಯಾಮ್. ದಂಗೆಕೋರರ ಮೇಲೆ ಅವನಿಗೆ ತೀರದ ಸಿಟ್ಟಿತ್ತು. ಆದರೂ ಅವನ ಬರಹದೊಳಗಿಂದಲೇ ಅಲ್ಲಿನ ಇತಿಹಾಸಕಾರರು ಜನಸಾಮಾನ್ಯರ ಬಾಳನ್ನು ಹೆಕ್ಕಿ ತೆಗೆದಿದ್ದಾರೆ.

ನಮ್ಮ ಶಾಸನಗಳೂ ದಾನ ಕೊಟ್ಟವರ, ಪಡೆದವರ ಪರವಾಗಿಯೇ ಮಾತಾಡುತ್ತವೆ. ಆದರೆ ಅಗ್ರಹಾರಕ್ಕೋ ದೇವರಿಗೋ ಬಿಟ್ಟ ಗದ್ದೆ ಬೆದ್ದಲು, ಅದರ ಚತುಸ್ಸೀಮೆ, ಕೆರೆ ತೂಬು, ಗಾಣದೆರೆ, ಮಗ್ಗದೆರೆ ಎಂಬ ತೆರಿಗೆಗಳು, ಸಾಕ್ಷಿ ನಿಂತ ಗೌಡರ ಹೆಸರು ಇವೆಲ್ಲ ಅಲ್ಲೇ ಇವೆ. ಮಂಡ್ಯ ಜಿಲ್ಲೆಯ ಶಾಸನಗಳನ್ನು ಮೈಸೂರು ವಿಶ್ವವಿದ್ಯಾನಿಲಯ ಪಾಠಸಹಿತ ಅಚ್ಚು ಮಾಡಿದೆ. ಆಕರವಿಲ್ಲವೆಂದು ಯಾರೂ ಹೇಳುವಂತಿಲ್ಲ. ದೇವಸ್ಥಾನ, ಮಠಗಳ ಇನಾಂ ಜಮೀನು ರದ್ದಾಗಲು 1955ರ ಕಾಯ್ದೆಯೇ ಬರಬೇಕಾಯಿತು ಎಂದಮೇಲೆ, ಇದು ನಮ್ಮ ಅಜ್ಜ ಅಜ್ಜಿಯರ ತನಕ ಹರಿದು ಬಂದ ವಿಷಯ. ಅವರ ಕಾಲದ ಗೇಣಿಯ, ಬೆಳೆಯಲ್ಲಿ ಪಾಲು ಕೊಡುವ ವಾರದ ಪದ್ಧತಿಯ ನೆನಪುಳ್ಳ ಹಿರಿಯರು ಇನ್ನೂ ಹಳ್ಳಿಗಳಲ್ಲಿದ್ದಾರೆ.

ಆದ್ದರಿಂದ ಮುಂದಿನ ಲೇಖನಗಳಲ್ಲಿ ಆಯಾ ಊರಿನ ದಾನಶಾಸನದ ಭೂವಿವರವನ್ನು ಹೊಸಗನ್ನಡದಲ್ಲಿ ಕೊಡಬೇಕೆಂದೂ, ಈ ಹಿರಿಯರ ಮಾತನ್ನು ಬರೆದುಕೊಳ್ಳುವಂತೆ ಲೇಖಕರಿಗೆ ತಾವು ಸೂಚಿಸಬೇಕೆಂದೂ ಕೋರುತ್ತೇನೆ.

ಇಂತಿ,
ನಿವೃತ್ತ ಇತಿಹಾಸ ಅಧ್ಯಾಪಕ, ಮಂಡ್ಯ