ಮೊದಲು ಕಾಲು ತೋರಿಸಲಿ, ಆಮೇಲೆ ರನ್‌ವೇ

ಬರ್ಲಿನ್, ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೆ, ನಿನ್ನ ಕಾಗದ ಓದುವವರೆಗೆ. ಪುಟ್ಟ ಅದರ ಫೋಟೋ ತೆಗೆದು ಕಳಿಸಿದ್ದ. ನಾಲ್ಕು ಪುಟ. ಅದರಲ್ಲಿ ಮೂರೂವರೆ ಪುಟ ಸೀನಮಾವನ ಮಗಳ ಮದುವೆ, ಹೋಳಿಗೆ ಗಟ್ಟಿಯಾಗಿತ್ತು, ಬೀಗರು ಮುಖ ಊದಿಸಿಕೊಂಡಿದ್ದರು, ಇವೇ. ಕೊನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀಯ, 'ಅಪ್ಪನ ಕಾಲ್ಬೆರಳಿನ ಗಾಯ ಇನ್ನೂ ಮಾಗಿಲ್ಲ, ನೀನು ಯೋಚನೆ ಮಾಡಬೇಡ' ಅಂತ. ಅದನ್ನು ಓದಿ ಯೋಚನೆ ಮಾಡದೆ ಇನ್ನೇನು ಮಾಡಲಿ?

ಯುಗಾದಿಗೆ ಫೋನ್ ಮಾಡಿದಾಗ ಹೊಸ ಚಪ್ಪಲಿ ಕಚ್ಚಿದೆ ಅಂದಿದ್ದರು. ಈಗ ಒಂದೂವರೆ ತಿಂಗಳಾಯಿತು. ಶುಗರ್ ಇರುವವರ ಕಾಲಿನ ಗಾಯ ಸುಮ್ನೆ ಬಿಡುವಂಥದ್ದಲ್ಲ ಅಮ್ಮ. ನೋವಿಲ್ಲ ಅಂತಾರೆ ಅಂತ ಬೇರೆ ಬರೆದಿದ್ದೀಯ. ನನಗೆ ಭಯ ಆಗಿದ್ದೇ ಅದಕ್ಕೆ. ಶುಗರ್ ಜಾಸ್ತಿ ಇದ್ದು ಇದ್ದು ಕಾಲಿನ ನರ ಮರಗಟ್ಟಿದ ಹಾಗಾಗುತ್ತದೆ, ರಕ್ತವೂ ಸರಿಯಾಗಿ ಹರಿಯಲ್ಲ, ಒಳಗೆ ಕೀವಾದರೂ ಗೊತ್ತಾಗಲ್ಲ. ಅರಿಶಿನ ಮೆತ್ತಿ ಹಳೇ ಪಂಚೆ ಹರಿದು ಕಟ್ಟಿಕೊಂಡು ಕೂತರೆ ಹೇಗೆ?

ನಿನ್ನೆ ಫೋನಿನಲ್ಲಿ ಇದನ್ನೇ ಕೇಳಿದೆ. ಅಪ್ಪ ಏನು ಮಾಡಿದರು ಗೊತ್ತಾ? ಮಾತು ಮರೆಸಿದರು. 'ನಿನ್ನ ಮನೆ ಹತ್ತಿರ ಹಳೇ ಏರೋಡ್ರೋಮ್ ಇದೆಯಂತಲ್ಲ, ರನ್‌ವೇ ಎಷ್ಟುದ್ದ?' ಅಂದರು. ಸರಿ, ಅದನ್ನೇ ಬರೀತೀನಿ. ನೀನು ಅವರ ಎದುರಿಗೆ ಕೂತು ಗಟ್ಟಿಯಾಗಿ ಓದು. ಆದರೆ ಎಲ್ಲಿ ನಿಲ್ಲಿಸು ಅಂತ ಹೇಳ್ತೀನೋ ಅಲ್ಲಿ ನಿಲ್ಲಿಸು.

ಅಪ್ಪ, ಅದರ ಹೆಸರು ಟೆಂಪಲ್‌ಹೋಫ್. ಎರಡು ರನ್‌ವೇ, ಎರಡೂ ಸುಮಾರು 2 ಕಿಲೋಮೀಟರ್. ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ಗೇಟು, ಒಳಗೆ ಹೋಗಲು ಟಿಕೆಟ್ ಇಲ್ಲ, ಸೆಕ್ಯುರಿಟಿ ಇಲ್ಲ, ಏನೂ ಇಲ್ಲ. ಮೈದಾನ ಸುಮಾರು 300 ಹೆಕ್ಟೇರ್, ಅಂದರೆ ಮೂರು ಲಾಲ್‌ಬಾಗ್ ಹಿಡಿಸುತ್ತದೆ. ನೀವು ನಲವತ್ತು ವರ್ಷ ಪಾಸು ತೋರಿಸದೆ ಕಾಲಿಡಲಾಗದಂಥ ಜಾಗದ ಪಕ್ಕ ದುಡಿದವರು, ಇಲ್ಲಿ ರನ್‌ವೇ ನಡುವೆ ನಿಂತು ನಾನು ಚಿತ್ರಾನ್ನ ತಿಂದೆ! ಬಿಳಿ ಗೆರೆಗಳು ಹಾಗೇ ಇವೆ. ಸಿಮೆಂಟಿನ ಸಂದಿಯಲ್ಲಿ ಹುಲ್ಲು ಬಂದಿದೆ. ಚಕ್ರದ ಹಲಗೆ ಮೇಲೆ ನಿಂತು, ಗಾಳಿಪಟ ಕೈಲಿ ಹಿಡಿದು, ಅದು ಎಳೆದ ಕಡೆಗೆ ಜುಮ್ ಅಂತ ಹೋಗುವ ಗಂಡಸರು, ಐವತ್ತು ದಾಟಿದವರು, ಅವರನ್ನು ನೋಡಬೇಕು ನೀವು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿವೆ ಅಂತ ಅವು ಮೊಟ್ಟೆ ಇಡುವ ಕಾಲದಲ್ಲಿ ಅಷ್ಟಗಲಕ್ಕೆ ಬೇಲಿ ಕಟ್ಟಿಬಿಡುತ್ತಾರೆ. ಬಿಸಿಲು ಬಂದ ದಿನ ಕೆಲವರು ಹೇಗೆ ಮಲಗಿರುತ್ತಾರೆ ಅಂತ ಅಮ್ಮನಿಗೆ ಬರೆಯಲಾರೆ.

ಒಂದು ಮೂಲೆಯಲ್ಲಿ ಜನ ಸೇರಿ ತರಕಾರಿ ಬೆಳೆಯುತ್ತಾರೆ, ನೆಲ ಅಗೆಯದೆ ಮರದ ಪೆಟ್ಟಿಗೆಗೆ ಮಣ್ಣು ತುಂಬಿ. ಆಫೀಸಿನ ಹುಡುಗಿಯೊಬ್ಬಳು ತನ್ನ ಪೆಟ್ಟಿಗೆಯಲ್ಲಿ ನನಗೂ ಒಂದು ಗೇಣು ಕೊಟ್ಟಿದ್ದಾಳೆ. ಮೆಂತ್ಯ ಹಾಕಿದ್ದೇನೆ. ಇಂಥ ಜಾಗದಲ್ಲಿ ಮನೆ ಕಟ್ಟಿಸ್ತೀವಿ ಅಂತ ಸರ್ಕಾರ ಹೊರಟಾಗ 2014ರಲ್ಲಿ ಊರಿನವರೆಲ್ಲ ವೋಟು ಹಾಕಿ ಬೇಡ ಅಂದರು. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ಮೂರು ಲೇಔಟ್ ಎದ್ದು ಸೈಟು ಮಾರಿ ಮುಗಿದಿರುತ್ತಿತ್ತು, ಅಲ್ವಾ?

ಮೊದಲು ಇದು ಪ್ರಶ್ಯದ ರಾಜರ ಸೈನ್ಯ ಕವಾಯತು ಮಾಡುವ ಮೈದಾನ. 1909ರಲ್ಲಿ ಆರ್ವಿಲ್ ರೈಟ್ ಇಲ್ಲಿ ಬಂದು ವಿಮಾನ ಹಾರಿಸಿ ತೋರಿಸಿದ್ದ, ರೈಟ್ ಸಹೋದರರಲ್ಲಿ ಚಿಕ್ಕವನು. 1923ರಲ್ಲಿ ಏರ್‌ಪೋರ್ಟ್ ಆಯಿತು. ಹಿಟ್ಲರನ ಕಾಲದಲ್ಲಿ ಕಟ್ಟಿದ ಟರ್ಮಿನಲ್ ಇನ್ನೂ ಇದೆ, ಬಿಲ್ಲಿನ ಹಾಗೆ ಬಾಗಿದ್ದು, ಈ ತುದಿಯಿಂದ ಆ ತುದಿಗೆ 1.2 ಕಿಲೋಮೀಟರ್. ವಿಮಾನ ನೇರ ಸೂರಿನ ಕೆಳಗೇ ಬಂದು ನಿಲ್ಲಬೇಕು, ಪ್ರಯಾಣಿಕರು ಮಳೆಯಲ್ಲಿ ನೆನೆಯಬಾರದು ಅಂತ ಲೆಕ್ಕ.

ಈಗ ನಿಮಗೆ ಇಷ್ಟವಾಗುವ ಭಾಗ. ಯುದ್ಧ ಮುಗಿದ ಮೇಲೆ ಈ ಜಾಗ ಅಮೆರಿಕದ ಸೈನ್ಯದ ಕೈಗೆ ಬಂತು. 1948ರ ಜೂನ್‌ನಲ್ಲಿ, ಸುತ್ತಲಿನ ಜಾಗವೆಲ್ಲ ಹಿಡಿದುಕೊಂಡಿದ್ದ ರಷ್ಯದವರು ಪಶ್ಚಿಮ ಬರ್ಲಿನ್‌ಗೆ ಬರುವ ರಸ್ತೆ, ರೈಲು ಎಲ್ಲ ಮುಚ್ಚಿದರು. ಒಳಗೆ 20 ಲಕ್ಷಕ್ಕೂ ಜಾಸ್ತಿ ಜನ. ಹಿಟ್ಟು, ಹಾಲಿನ ಪುಡಿ, ಒಣ ಆಲೂಗಡ್ಡೆ, ಎಲ್ಲ ವಿಮಾನದಲ್ಲೇ ಬಂತು. ಎಲ್ಲಕ್ಕಿಂತ ಜಾಸ್ತಿ ಬಂದಿದ್ದು ಕಲ್ಲಿದ್ದಲು, ಮೂಟೆ ಮೂಟೆ. ಮೊದಲು ನಿಮ್ಮ ಡಕೋಟಾ, ಒಂದು ಸಲಕ್ಕೆ ಬರೀ ಮೂರು ಟನ್. ಸಾಲಲಿಲ್ಲ ಅಂತ ಹತ್ತು ಟನ್ ಹೊರುವ ಸ್ಕೈಮಾಸ್ಟರ್ ತಂದರು. 1943ರಲ್ಲಿ ನಿಮ್ಮ ಎಚ್‌ಎಎಲ್ ಅಮೆರಿಕದವರ ಕೈಯಲ್ಲಿತ್ತು, ಅವರ ವಿಮಾನಗಳ ರಿಪೇರಿ ಅಲ್ಲೇ ನಡೀತಿತ್ತು ಅಂತ ನೀವೇ ನೂರು ಸಲ ಹೇಳಿದ್ದೀರಲ್ಲ. ಬೆಂಗಳೂರಲ್ಲಿ ಬೋಲ್ಟು ಬಿಗಿಸಿಕೊಂಡ ಡಕೋಟಾ ಒಂದಾದರೂ ಇಲ್ಲಿಗೆ ಬಂದಿತ್ತೋ ಏನೋ, ಹಾಗಂದುಕೊಂಡರೆ ನನಗೆ ಖುಷಿ, ಅಷ್ಟೇ.

ಬರ್ಲಿನ್ನಿನ ಮೂರು ಏರ್‌ಪೋರ್ಟ್ ಸೇರಿ 1949ರ ಏಪ್ರಿಲ್‌ನಲ್ಲಿ ಒಂದೇ ದಿನ 1,398 ವಿಮಾನ. ಹೆಚ್ಚುಕಮ್ಮಿ ನಿಮಿಷಕ್ಕೊಂದು. ಅಪ್ಪ, ಇದು ಕೇಳಿ: ಮೊದಲ ಸಲಕ್ಕೆ ಇಳಿಯಲು ಆಗಲಿಲ್ಲ ಅಂದರೆ ಇನ್ನೊಂದು ಸುತ್ತು ಹೊಡೆಯುವ ಹಾಗಿಲ್ಲ. ಕಲ್ಲಿದ್ದಲು ಸಮೇತ ವಾಪಸ್ ಹೋಗಬೇಕು. ಹಿಂದಿನವನು ಮೂರು ನಿಮಿಷದಲ್ಲಿ ಬರುತ್ತಿದ್ದಾನೆ ಅಂದಮೇಲೆ ಬೇರೆ ದಾರಿ ಎಲ್ಲಿದೆ! ಗೇಲ್ ಹಾಲ್ವರ್ಸನ್ ಅಂತ ಒಬ್ಬ ಪೈಲಟ್ ಬೇಲಿಯಾಚೆ ನಿಲ್ಲುವ ಮಕ್ಕಳಿಗೆ ಕರವಸ್ತ್ರದ ಪ್ಯಾರಾಚೂಟ್ ಕಟ್ಟಿ ಚಾಕೊಲೇಟ್ ಉದುರಿಸುತ್ತಿದ್ದ. ಬರುತ್ತಿರುವುದು ನಾನೇ ಅಂತ ಗೊತ್ತಾಗಲಿ ಅಂತ ರೆಕ್ಕೆ ಅಲುಗಾಡಿಸುತ್ತಿದ್ದ. ಇಲ್ಲಿನ ಮುದುಕರಿಗೆ ಈಗಲೂ ಅವನ ಮೇಲೆ ಪ್ರೀತಿ.

ಆಮೇಲೆ 2008ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಹಳೇ ಏರ್‌ಪೋರ್ಟಿನ ಪ್ಯಾಸೆಂಜರ್ ವಿಮಾನಗಳು ದೇವನಹಳ್ಳಿಗೆ ಹೋದವು. ನೀವು ಮಹಡಿ ಮೇಲೆ ನಿಂತಿದ್ದಿರಿ, ನೆನಪಿದೆ. 'ಇನ್ನು ಕಿಟಕಿ ಅಲ್ಲಾಡಲ್ಲ' ಅಂದ ಅಮ್ಮನಿಗೆ ಎರಡು ದಿನ ಮಾತೇ ಆಡಲಿಲ್ಲ. ಇಲ್ಲಿ 2015ರಲ್ಲಿ ಹ್ಯಾಂಗರ್ ಒಳಗೆ ಪರದೆ ಕಟ್ಟಿ, ಅಟ್ಟದ ಮಂಚ ಹಾಕಿ ಸಿರಿಯಾದ ಕಡೆಯಿಂದ ಓಡಿಬಂದವರನ್ನು ಇಟ್ಟಿದ್ದರು.

ಅಮ್ಮ, ಇಲ್ಲಿ ನಿಲ್ಲಿಸು. ಕಾಗದ ಮಡಿಚಿ ಸೆರಗಿಗೆ ಸಿಕ್ಕಿಸಿಕೋ. ಇನ್ನು ಮುಂದಿರುವುದು ಟ್ಯಾಂಕ್ ಸಾಹೇಬರ ವಿಷಯ ಅಂತ ಮಾತ್ರ ಹೇಳು. ಕಾಲು ತೋರಿಸಿ ಬಂದ ಮೇಲೆ ಓದ್ತೀನಿ ಅನ್ನು. ಬೈತಾರೆ, ಬೈಯಲಿ.

ಹೋಗಿ ಬಂದಿರಾ ಅಪ್ಪ? ಸುಳ್ಳು ಹೇಳಬೇಡಿ, ಪುಟ್ಟನನ್ನು ಕೇಳ್ತೀನಿ.

ಯುದ್ಧದ ವರ್ಷಗಳಲ್ಲಿ ಈ ಟರ್ಮಿನಲ್ಲು, ಹ್ಯಾಂಗರುಗಳು ವಿಮಾನ ಜೋಡಿಸುವ ಕಾರ್ಖಾನೆ ಆಗಿದ್ದವು. ಮೊದಲು ಸ್ಟೂಕಾ ಬಾಂಬರ್. 1944ರಿಂದ ಫೋಕೆ-ವುಲ್ಫ್ 190 ಫೈಟರ್. ಅದನ್ನು ಡಿಸೈನ್ ಮಾಡಿದ್ದು ಯಾರು? ನಿಮ್ಮ ಕುರ್ಟ್ ಟ್ಯಾಂಕ್! 1956ರಲ್ಲಿ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಮಾರುತ ಫೈಟರ್ ವಿಮಾನ ಮಾಡಿದರಲ್ಲ, ಅವರೇ. ಆ ಮಾರುತದ ರೆಕ್ಕೆಗೆ ರಿವೆಟ್ ಹೊಡೆದೇ ಅಲ್ವಾ ನೀವು ಕೆಲಸ ಕಲಿತಿದ್ದು? ನಾನು ಆ ಹ್ಯಾಂಗರ್ ಬಾಗಿಲ ಮುಂದೆ ನಿಂತು ನಿಮಗೆ ಫೋನ್ ಮಾಡಬೇಕು ಅಂದುಕೊಂಡೆ. ಆಮೇಲೆ ಮಾಡಲಿಲ್ಲ. ಯಾಕೆಂದರೆ ಅಲ್ಲಿ ಕೆಲಸ ಮಾಡಿದವರಲ್ಲಿ ತುಂಬಾ ಜನ ತಾವಾಗಿ ಬಂದವರಲ್ಲ. ಪೋಲೆಂಡು, ಫ್ರಾನ್ಸು, ರಷ್ಯ ಕಡೆಯಿಂದ ಹಿಡಿದು ತಂದವರು, ಮೈದಾನದ ಅಂಚಿನ ಮರದ ಶೆಡ್ಡುಗಳಲ್ಲಿ ಕೂಡಿಹಾಕಿದವರು. ಟ್ಯಾಂಕ್ ಸಾಹೇಬರು ಅಂದರೆ ನಮ್ಮ ಮನೆಯಲ್ಲಿ ದೇವರು. ಈ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ನಿಮಗೆ ಗೊತ್ತಿತ್ತಾ? ಗೊತ್ತಿದ್ದರೆ ಹೇಳಿ, ಬೇಜಾರಿಲ್ಲ. ಅವರಲ್ಲೂ ಯಾರದ್ದೋ ಕಾಲಿಗೆ ಗಾಯ ಆಗಿರುತ್ತದೆ, ತೋರಿಸ್ತೀನಿ ಅಂದರೂ ಕೇಳುವವರು ಇದ್ದರೋ ಇಲ್ಲವೋ. ನಿಮಗೆ ರಸ್ತೆ ದಾಟಿದರೆ ಕ್ಲಿನಿಕ್ಕು.

ದುಡ್ಡಿನ ಯೋಚನೆ ಬೇಡವೇ ಬೇಡ. ಪುಟ್ಟನ ಅಕೌಂಟಿಗೆ ನಲವತ್ತು ಸಾವಿರ ಹಾಕಿದ್ದೇನೆ, ಬೇಕಾದರೆ ಇನ್ನೂ ಹಾಕ್ತೀನಿ. ಆಫೀಸಿನಲ್ಲಿ ನಾಲ್ಕು ಜನರನ್ನು ತೆಗೆದರು ಅಂತ ಪುಟ್ಟ ಹೇಳಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಬೇರೆ ಟೀಮು, ನನಗೇನೂ ಇಲ್ಲ, ಖಂಡಿತ ಇಲ್ಲ. ಚಳಿಯೂ ಇಲ್ಲ, ಇದ್ದರೂ ಸ್ವೆಟರ್ ಮೂರಿವೆ. ಊಟ ಸರಿಯಾಗಿ ಮಾಡ್ತೀನಿ. ಆಗಸ್ಟ್‌ನಲ್ಲಿ ಇಬ್ಬರೂ ಬರಬೇಕು, ಟಿಕೆಟ್ ನಾನು ಮಾಡಿಸ್ತೀನಿ. ಆದರೆ ಅಪ್ಪ ಶೂ ಹಾಕಿಕೊಂಡು ಪಾರ್ಕಿಗೆ ಎರಡು ಸುತ್ತು ಹೊಡೆದ ವಿಡಿಯೋ ಬರುವವರೆಗೆ ಇಲ್ಲ. ರನ್‌ವೇ 2 ಕಿಲೋಮೀಟರ್, ಹೋಗಿ ಬರಲು 4. ಪಂಚೆ ಬಟ್ಟೆ ಸುತ್ತಿದ ಬೆರಳಲ್ಲಿ ಆಗಲ್ಲ.

ಅಮ್ಮ, ಡಾಕ್ಟರ್ ಏನಂದರು ಅಂತ ಇವತ್ತೇ ಬರೆ, ಮದುವೆ ಊಟದ ಕೆಳಗೆ ಅಂಚಿನಲ್ಲಿ ಅಲ್ಲ, ಮೊದಲ ಸಾಲಲ್ಲೇ. ಶುಗರ್ ಎಷ್ಟಿತ್ತು ಅಂತ ನಂಬರ್ ಬರೆ. ಕುಕ್ಕರ್ ಮೂರನೇ ಸೀಟಿ ಹೊಡೀತು, ಭಾನುವಾರ ರಾತ್ರಿ ಸದ್ದು ಮಾಡಿದರೆ ಮೇಲಿನ ಮನೆಯವರು ನೆಲ ಕುಟ್ಟುತ್ತಾರೆ, ಇಡ್ತೀನಿ.

ನಿನ್ನ,
ಚಿನ್ನಿ