ರೈಲಿಗೆ ಮೊದಲಿನ ಘಾಟಿ ಪ್ರಯಾಣ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯ ಮುಂಬೈ–ಪುಣೆ ಪ್ರಯಾಣದ ಲೇಖನವು 1853ರ ಬೋರಿಬಂದರ್–ಠಾಣೆ ರೈಲಿನಿಂದ ಆರಂಭವಾಗಿ, ಅದಕ್ಕೂ ಹಿಂದಿನ ಕುದುರೆಗಾಡಿಗಳ ಕಾಲವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದೆ. ಮೂವತ್ತು ವರ್ಷಗಳಿಂದ ಪುಣೆಯಲ್ಲಿದ್ದು ತಿಂಗಳಿಗೆರಡು ಬಾರಿ ಮುಂಬೈ–ಪುಣೆ ನಡುವಿನ ಬೆಟ್ಟದ ದಾರಿಯಾದ ಬೋರ್ ಘಾಟ್ ಇಳಿಯುವ ನನಗೆ ಇದು ಸಾಲದೆನಿಸಿತು.

1804ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಫಿರಂಗಿ ಸಾಗಿಸಲೆಂದು ಸರಿಪಡಿಸಿದ್ದ ಈ ಘಾಟಿ, ಮುಂಬೈ ಗವರ್ನರ್ ಜಾನ್ ಮಾಲ್ಕಮ್ ಅವರ ಕಾಲದಲ್ಲಿ, 1830ರಲ್ಲಿ, ಗಾಡಿಗಳಿಗೆ ತೆರೆದುಕೊಂಡಿತು. ಮುಂಬೈಯಿಂದ ಹೊರಟವರು ಮೊದಲು ದೋಣಿಯಲ್ಲಿ ಪನ್ವೇಲ್ ಸೇರಿ, ಅಲ್ಲಿಂದ ಗಾಡಿ ಹತ್ತಬೇಕಿತ್ತು. ಟಪ್ಪೆಗೊಮ್ಮೆ, ಅಂದರೆ ದಾರಿಯ ಪ್ರತಿ ತಂಗುದಾಣದಲ್ಲೂ, ಬೆವರಿದ ಕುದುರೆಗಳನ್ನು ಬಿಚ್ಚಿ ಹೊಸ ಜೋಡಿ ಕಟ್ಟದಿದ್ದರೆ ಗಾಡಿ ವೇಗವಾಗಿ ಸಾಗುವುದು ಸಾಧ್ಯವೇ ಇರಲಿಲ್ಲ. ಇಳಿಜಾರಿನಲ್ಲಂತೂ ಗಾಡಿಯ ಭಾರವೇ ಕುದುರೆಗಳನ್ನು ಮುಂದಕ್ಕೆ ತಳ್ಳುವುದರಿಂದ, ಓಡಿಸುವುದಕ್ಕಿಂತ ತಡೆಯುವುದೇ ಸಾರಥಿಯ ದೊಡ್ಡ ಕಸುಬು. (ನಮ್ಮ ಬಸ್ ಚಾಲಕರಿಗೆ ಇದು ಇಂದಿಗೂ ಗೊತ್ತು.)

ಲೇಖಕರು ಭಾವಿಸಿದಂತೆ ರೈಲು ಬಂದ ದಿನವೇ ಈ ಪಾಡು ಮುಗಿಯಲಿಲ್ಲ. 1858ರಲ್ಲಿ ಘಾಟಿಯ ಮೇಲಿನ ಖಂಡಾಲದಿಂದ ಪುಣೆಗೆ ಹಳಿ ಸಿದ್ಧವಾಗಿದ್ದರೂ ನಡುವಿನ ಘಾಟಿಗೆ ಹಳಿಯಿರಲಿಲ್ಲ. ಕೆಳಗೆ ಖೋಪೋಲಿಯಲ್ಲಿ ರೈಲಿಳಿದವರು ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಬೆಟ್ಟ ಹತ್ತಿ, ಮೇಲೆ ಇನ್ನೊಂದು ರೈಲು ಹಿಡಿಯುತ್ತಿದ್ದರು. 25 ಸುರಂಗಗಳ ಘಾಟಿ ಮಾರ್ಗ ತೆರೆದದ್ದು 1863ರಲ್ಲಿ. ಈ ಐದು ವರ್ಷಗಳ ಬಗೆಗೆ ಪುರವಣಿಯಲ್ಲಿ ಪ್ರತ್ಯೇಕ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ, ಕೊಥ್ರೂಡ್, ಪುಣೆ